ತೆಂಗಿನ ಮರದ ಕೆಳಗಿನ ಸಿಗ್ನಲ್

ನಮ್ಮ ಮನೆ ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿದೆ. ನೆಲಮಹಡಿಯ ಮನೆ, ಅಕ್ಕಪಕ್ಕ ಮೂರಂತಸ್ತಿನ ಕಟ್ಟಡಗಳು, ಗೇಟಿನ ಬದಿಗೆ ಒಂದು ತೆಂಗಿನ ಮರ. ಹಿಂದೊಂದು ಮಳೆಗಾಲದಲ್ಲಿ ಮೂರು ತಿಂಗಳು ಆ ಮರದ ಬುಡದಲ್ಲಿ ನಿಂತು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು ಹಿಡಿದು ಮಾತಾಡಿದವಳು ನಾನು. "ಕಾಯಿ ಬೀಳೋ ಮರ ಕಣೇ, ಒಳಗೆ ಬಾ" ಅಂತ ಅತ್ತೆ ಜಗಲಿಯಿಂದ ಕೂಗೋರು. ಒಳಗೆ ಬಂದರೆ ಮಾತು ತುಂಡು ತುಂಡು. ಹೊರಗೆ ನಿಂತರೆ ತಲೆಯ ಮೇಲೆ ತೆಂಗಿನಕಾಯಿ.

ಆದದ್ದಿಷ್ಟು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಲೆಡ್ಜರ್ ಬರೆದ ಕೈ ನನ್ನದು. ನಿವೃತ್ತಿಯಾದ ಮೇಲೂ ಲೆಕ್ಕ ಹಾಕುವ ಚಟ ಬಿಟ್ಟಿಲ್ಲ. ತಿಂಗಳಿಗೆ ಎರಡು ಮಸಾಲೆದೋಸೆಯ ದುಡ್ಡು ಉಳಿಯುತ್ತದೆ ಅಂತ ಇನ್ನೊಂದು ಕಂಪನಿಯ ಪ್ಲಾನ್ ಕಣ್ಣಿಗೆ ಬಿತ್ತು. ಬಿಡಿಎ ಕಾಂಪ್ಲೆಕ್ಸ್ ಹತ್ತಿರದ ಅಂಗಡಿಯ ಹುಡುಗ ಸಿಮ್ ಹಾಕಿ ತೋರಿಸಿದ. "ನೋಡಿ ಆಂಟಿ, ಫುಲ್ ಸಿಗ್ನಲ್." ನಿಜ, ನಾಲ್ಕೂ ಕಡ್ಡಿ ಇತ್ತು. ನಾನು ಅಂಗಡಿಯಲ್ಲಿ ವಾಸ ಮಾಡುವುದಿಲ್ಲ ಅನ್ನೋದು ಆ ಹೊತ್ತಿಗೆ ಹೊಳೆಯಲಿಲ್ಲ.

ಮನೆಗೆ ಬಂದರೆ ನಡುಮನೆಯಲ್ಲಿ ಒಂದು ಕಡ್ಡಿ, ಅಡುಗೆಮನೆಯಲ್ಲಿ ಅದೂ ಇಲ್ಲ. ಮರುವಾರ ಗ್ಯಾಸ್ ಹುಡುಗ ಸಿಲಿಂಡರ್ ಇಳಿಸಿ "ಅಮ್ಮಾ, ಒಟಿಪಿ ಹೇಳಿ" ಅಂದ. ಓಡಿದೆ ಮರದ ಕೆಳಗೆ. ನಂಬರು ಬಂತು. ಕನ್ನಡಕ ಒಳಗಿತ್ತು. ಒಳಗೆ ಹೋಗಿ ಕನ್ನಡಕ ತರುವಷ್ಟರಲ್ಲಿ ಅವನೇ ಮರದ ಕೆಳಗೆ ಬಂದು ನಿಂತಿದ್ದ. "ಈ ರಸ್ತೇಲಿ ಈ ಸಿಮ್ ಇಟ್ಕೊಂಡೋರೆಲ್ಲ ಹಿಂಗೇ ಆಚೇನೇ ಸಿಗ್ತಾರೆ, ಬಿಡಿ" ಅಂದ. ಸಿಮ್ ಕೊಳ್ಳುವ ಮೊದಲು ಕೇಳಬೇಕಾಗಿದ್ದ ಮನುಷ್ಯ ಅವನು. ನಾನು ಕೇಳಿದ್ದು ಅಂಗಡಿಯವನನ್ನು.

ಕಂಪನಿಯ ಹೆಸರು ಹೇಳುವುದಿಲ್ಲ. ಎರಡು ರಸ್ತೆ ಆಚೆ ನನ್ನ ತಂಗಿಯ ಮನೆಯಲ್ಲಿ ಅದೇ ಕಂಪನಿಯ ಸಿಮ್ಮು ಬಚ್ಚಲುಮನೆಯಲ್ಲೂ ಚೆನ್ನಾಗಿ ಮಾತಾಡುತ್ತದೆ. ತಪ್ಪು ಯಾರದು ಅಂತ ಹೇಳಲಿ? ಅವಳ ಮನೆಗೆ ಒಳ್ಳೆಯದು ನನ್ನ ಮನೆಗೆ ಒಗ್ಗಲಿಲ್ಲ, ಅಷ್ಟೇ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಮೊಬೈಲಿನ ದರ ಬೀದರಿನಿಂದ ಬನಶಂಕರಿಯವರೆಗೆ ಒಂದೇ. ದೆಹಲಿ, ಮುಂಬೈ, ಕೋಲ್ಕತ್ತಾಗಳಿಗೆ ಪ್ರತ್ಯೇಕ ಟೆಲಿಕಾಂ ಸರ್ಕಲ್ ಉಂಟು. ಬೆಂಗಳೂರು ಮಾತ್ರ ಇಡೀ ಕರ್ನಾಟಕ ಸರ್ಕಲ್‌ನೊಳಗೇ ಇದೆ. ದರ ರಾಜ್ಯಕ್ಕೆಲ್ಲ ಒಂದಾದರೂ ಸಿಗ್ನಲ್ ಕೋಣೆಯಿಂದ ಕೋಣೆಗೆ ಬೇರೆ. ನಾವು ನೋಡುವುದು ದರದ ಪಟ್ಟಿ. ನೋಡಬೇಕಾದ್ದು ನಮ್ಮ ಅಡುಗೆಮನೆ.

ಮೊದಲು ದರವನ್ನೇ ನೋಡಬೇಕಿತ್ತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ಮಾತಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಕೇಳಿಸಿಕೊಂಡವರು ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್. ಆಗ ಕರೆ ಮಾಡಿದವರೂ ದುಡ್ಡು ಕೊಡಬೇಕು, ಎತ್ತಿದವರೂ ಕೊಡಬೇಕು. ಬಂದ ಕರೆ ಪುಕ್ಕಟೆಯಾದದ್ದು 2003ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಮೊಬೈಲ್ ಇದ್ದವರ ಮನೆಯಲ್ಲಿ ಮಾತಿಗಿಂತ ಮಿಸ್ಡ್ ಕಾಲೇ ಹೆಚ್ಚು: ಒಂದು ರಿಂಗು ಬಂದರೆ "ಹೊರಟೆ", ಎರಡು ಬಂದರೆ "ತಲುಪಿದೆ". ಅಂಥ ಕಾಲದಲ್ಲಿ ದರ ನೋಡಿ ಕಂಪನಿ ಆರಿಸುವುದು ಸರಿಯೇ. ಈಗ? 2024ರ ಜುಲೈ ಮೊದಲ ವಾರದಲ್ಲಿ ಖಾಸಗಿಯವರೆಲ್ಲ ದರ ಏರಿಸಿದಾಗ 28 ದಿನದ ತಳಮಟ್ಟದ ರೀಚಾರ್ಜು ಜಿಯೊದಲ್ಲಿ 189 ರೂಪಾಯಿ, ಏರ್‌ಟೆಲ್ ಮತ್ತು ವಿ ಎರಡರಲ್ಲೂ 199 ಆಯಿತು. ನಡುವೆ ಇದ್ದ ಅಂತರ ಹತ್ತೇ ರೂಪಾಯಿ. ಹತ್ತು ರೂಪಾಯಿಗೆ ಈಗ ಒಂದು ಮೊಳ ಮಲ್ಲಿಗೆಯೂ ಬರುವುದಿಲ್ಲ. ಆ ಹತ್ತು ರೂಪಾಯಿಗಾಗಿ ಮರದ ಕೆಳಗೆ ನಿಲ್ಲಬೇಕೇ ಅನ್ನುವುದು ಈಗಿನ ಪ್ರಶ್ನೆ.

ಮೊಳ ಅಂದೆ. ಸಿಗ್ನಲ್ ಯಾಕೆ ಗೋಡೆ ದಾಟುವುದಿಲ್ಲ ಅಂತ ತಿಳಿಯಲು ಆ ಮೊಳವೇ ಸಾಕು. ನೀವು ಈ ಮಾತನ್ನು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಲ್ಲಿ ಕೇಳುತ್ತಿದ್ದರೆ, ನನ್ನ ದನಿಯನ್ನು ಹೊತ್ತು ತರುತ್ತಿರುವ ಅಲೆಯ ಉದ್ದ ಸುಮಾರು 490 ಮೀಟರು. ಹೆಚ್ಚು ಕಡಿಮೆ ಅರ್ಧ ಕಿಲೋಮೀಟರು! ಅದು ದಿಬ್ಬ ಬಳಸಿ, ಹೊಲ ದಾಟಿ, ನೆಲ ಹಿಡಿದು ದೂರದ ಹಳ್ಳಿಗೂ ಹೋಗುತ್ತದೆ. ವಿವಿಧ ಭಾರತಿಯ 102.9 ಮೆಗಾಹರ್ಟ್ಸ್ ಎಫ್‌ಎಂ ಅಲೆ ಮೂರು ಮೀಟರಿಗೆ ಸ್ವಲ್ಪ ಕಡಿಮೆ, ಅರ್ಧ ಸೀರೆಯಷ್ಟು. ಅದು ಊರಾಚೆ ಹೋದಂತೆ ಸೊರಗುತ್ತದೆ. ಮೊಬೈಲಿನ ಅಲೆಗಳು ಇನ್ನೂ ಗಿಡ್ಡ. 700 ಮೆಗಾಹರ್ಟ್ಸ್ ಅಲೆ ಹೂವಾಡಗಿತ್ತಿಯ ಒಂದು ಮೊಳ. 1800ರದ್ದು ಒಂದು ಗೇಣಿಗೂ ಕಡಿಮೆ. 5ಜಿ ಹೆಚ್ಚಾಗಿ ಓಡುವ 3500ರ ಆಸುಪಾಸಿನ ಅಲೆ ನಾಲ್ಕು ಬೆರಳಗಲ ಚಿಲ್ಲರೆ. ಮೊಳದ ಅಲೆ ಗೋಡೆ ಹಾಯ್ದು ಬರುತ್ತದೆ, ಹೆಚ್ಚು ಹೊರೆ ಹೊರಲಾರದು. ಬೆರಳಗಲದ ಅಲೆ ಸಿನಿಮಾಗಟ್ಟಲೆ ಹೊತ್ತು ತರುತ್ತದೆ, ನಿಮ್ಮ ಒಂಬತ್ತಿಂಚಿನ ಗೋಡೆ ಕಂಡರೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ. ಒಂದೊಂದು ಕಂಪನಿಯ ಕೈಯಲ್ಲಿ ಒಂದೊಂದು ಬಗೆಯ ಅಲೆ. ಒಬ್ಬರ ಟವರು ನಿಮ್ಮ ಮನೆಗೆ ಹತ್ತಿರ, ಇನ್ನೊಬ್ಬರದು ದೂರ. ಒಂದೇ ಮನೆಯಲ್ಲಿ ಅತ್ತೆಯ ಫೋನು ಹಾಡುತ್ತದೆ, ಸೊಸೆಯದು ಮೂಗಿಯಾಗುತ್ತದೆ ಅಂದರೆ ಕಾರಣ ಇದು.

ಇನ್ನು ನಮ್ಮ ದಕ್ಷಿಣ ಬೆಂಗಳೂರನ್ನೇ ಒಂದು ಸುತ್ತು ಹಾಕೋಣ.

ಜಯನಗರ. 1948ರ ಆಗಸ್ಟ್ 20ರಂದು ರಾಜಾಜಿಯವರು ಅಶೋಕ ಸ್ತಂಭದ ಬಳಿ ಶಂಕುಸ್ಥಾಪನೆ ಮಾಡಿದ ಬಡಾವಣೆ. ಅದೇ 1948ರಲ್ಲಿ ಊರಿನ ಇನ್ನೊಂದು ತುದಿಯ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆ ಹುಟ್ಟಿತು. ಮುಂದೆ ಜಯನಗರದ ಮನೆಮನೆಯ ಮೇಜಿನ ಮೇಲೆ ಕ್ರೋಶೆ ಬಟ್ಟೆ ಹೊದ್ದುಕೊಂಡು ಕೂತ ಡಯಲ್ ಫೋನು ಬಂದದ್ದು ಅಲ್ಲಿಂದಲೇ. ಅದಕ್ಕೆ ವರ್ಷಗಟ್ಟಲೆ ಕಾಯಬೇಕಿತ್ತು. ಬಂದ ಮೇಲೆ ಮಾತ್ರ "ಸಿಗ್ನಲ್ ಇದೆಯಾ" ಅಂತ ಯಾರೂ ಕೇಳಲಿಲ್ಲ, ತಂತಿ ಮನೆಯೊಳಕ್ಕೇ ಬರುತ್ತಿತ್ತಲ್ಲ! ಈಗ ಜಯನಗರದ ಸೊಬಗೇ ಸಿಗ್ನಲ್‌ಗೆ ತೊಡಕು. ಎರಡೂ ಬದಿ ಕೈಕೈ ಹಿಡಿದ ಮರಗಳು, ಮಳೆಯಲ್ಲಿ ನೆನೆದ ಎಲೆಗಳು ಗಿಡ್ಡ ಅಲೆಯನ್ನು ಹೀರಿಕೊಳ್ಳುತ್ತವೆ. ಟವರ್ ನಮ್ಮ ರಸ್ತೆಗೆ ಬೇಡ, ಪಕ್ಕದ ರಸ್ತೆಗೆ ಇರಲಿ ಅನ್ನುವುದು ಎಲ್ಲರ ಆಸೆ. ವಿಕಿರಣದ ಆ ಭಯಕ್ಕೂ ಒಂದು ಮಾತು ಹೇಳಬೇಕು. ಟವರಿನ ವಿಕಿರಣಕ್ಕೆ ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಇಟ್ಟ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಪಾಲು. ಟವರು ದೂರವಾದಷ್ಟೂ ನಿಮ್ಮ ಕಿವಿಗೆ ಒತ್ತಿದ ಫೋನೇ ಗಂಟಲು ಹರಿದುಕೊಂಡು ಕೂಗಬೇಕಾಗುತ್ತದೆ. ಸಿಗ್ನಲ್ ಇಲ್ಲದ ಮನೆಯಲ್ಲಿ ಬ್ಯಾಟರಿ ಸಂಜೆಯೊಳಗೆ ಸಾಯುವುದು ಈ ಕೂಗಾಟಕ್ಕೇ.

ಬಿಟಿಎಂ ಲೇಔಟ್‌ನ ಕಥೆ ಬೇರೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರು ಹಳ್ಳಿಗಳ ಮೊದಲ ಅಕ್ಷರ ಕೂಡಿ ಆದ ಹೆಸರು. ಈಗ ಅಲ್ಲಿ ಒಂದೊಂದು ಕಟ್ಟಡದಲ್ಲಿ ಒಂದು ಹಳ್ಳಿಯೇ ಇದೆ. ಪಿಜಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಈ ಕಿಟಕಿಯಿಂದ ಆ ಕಿಟಕಿಗೆ ಸಕ್ಕರೆ ಡಬ್ಬಿ ದಾಟಿಸಬಹುದು. ಅಲ್ಲಿ ಕಡ್ಡಿಗಳಿಗೇನೂ ಕೊರತೆಯಿಲ್ಲ. ರಾತ್ರಿ ಒಂಬತ್ತಾದರೆ ಕಚೇರಿಯಿಂದ ಬಂದ ಅಷ್ಟೂ ಮಕ್ಕಳು ಮಂಚದ ಮೇಲೆ ಮಲಗಿ ವಿಡಿಯೊ ಹಚ್ಚುತ್ತಾರೆ. ಆಗ ಆಗುವುದು ಬಸ್ಸಿನ ಪಾಡು: ಬಸ್ಸು ಸ್ಟಾಪಿಗೆ ಬಂದಿದೆ, ಕಾಲಿಡಲು ಜಾಗವಿಲ್ಲ. ಅಲ್ಲಿ ಸಿಮ್ ಆರಿಸುವವರು ಬೆಳಗ್ಗೆ ಹನ್ನೊಂದಕ್ಕೆ ಪರೀಕ್ಷೆ ಮಾಡಿ ಮೋಸ ಹೋಗಬಾರದು. ರಾತ್ರಿ ಒಂಬತ್ತೂವರೆಗೆ ಮಾಡಬೇಕು.

ಜೆಪಿ ನಗರದಲ್ಲಿ ಹಂತ ದಾಟಿದ ಹಾಗೆಲ್ಲ ಕಟ್ಟಡಗಳ ಎತ್ತರ ಏರುತ್ತದೆ. ಹನ್ನೆರಡನೇ ಮಹಡಿಯವರಿಗೆ ಸಿಗ್ನಲ್ ಚೆನ್ನಾಗಿರಬೇಕು ಅಂತ ನಮ್ಮ ಎಣಿಕೆ. ಆದರೆ ಟವರಿನ ಆಂಟೆನಾಗಳು ನೆಲದ ಕಡೆ ಬಾಗಿರುತ್ತವೆ. ಮೇಲಿನವರ ಫೋನಿಗೆ ಹತ್ತು ಕಡೆಯ ಟವರು ಒಟ್ಟಿಗೆ ಕೇಳಿಸಿ, ಯಾವುದಕ್ಕೆ ಓಗೊಡಬೇಕೋ ತಿಳಿಯದೆ ತಬ್ಬಿಬ್ಬಾಗುತ್ತದೆ. ಲಿಫ್ಟಿನಲ್ಲಿ, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಪೂರ್ತಿ ಮೌನ. ಕೆಲವು ದೊಡ್ಡ ಅಪಾರ್ಟ್‌ಮೆಂಟುಗಳ ಒಳಗೆ ಒಂದೆರಡು ಕಂಪನಿಗಳು ತಮ್ಮದೇ ಪುಟ್ಟ ಆಂಟೆನಾ ಹಾಕಿರುತ್ತವೆ. ಅಲ್ಲಿ ಬಾಡಿಗೆಗೆ ಹೋಗುವವರು ನೀರು, ಪಾರ್ಕಿಂಗ್ ವಿಚಾರಿಸುವಾಗ ಇದನ್ನೂ ವಿಚಾರಿಸಿದರೆ ಒಳ್ಳೆಯದು.

ಸರಿ, ಪರೀಕ್ಷೆ ಹೇಗೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮದ ಪ್ರಕಾರ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ 2ಜಿ, 4ಜಿ, 5ಜಿ ಎಲ್ಲೆಲ್ಲಿ ಸಿಗುತ್ತದೆ ಅಂತ ನಕ್ಷೆ ಹಾಕಬೇಕು. ಸರ್ಕಾರದ ತರಂಗ್ ಸಂಚಾರ್ ಜಾಲತಾಣದಲ್ಲಿ ನಿಮ್ಮ ಸುತ್ತ ಯಾರ ಯಾರ ಟವರಿದೆ ಅಂತಲೂ ನೋಡಬಹುದು. ನೋಡಿ, ತಪ್ಪೇನಿಲ್ಲ. ಆದರೆ ಆ ನಕ್ಷೆ ರಸ್ತೆಗೆ ಬಣ್ಣ ಬಳಿಯುತ್ತದೆ. ನಿಮ್ಮ ಬಾಗಿಲು ತೆಗೆದು ಒಳಗೆ ಬರುವುದಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಅಂಗೈಯಲ್ಲೇ ಫೋನಿದೆ.

ಕಡ್ಡಿಗಳನ್ನು ನಂಬಬೇಡಿ. ಒಂದು ಫೋನಿನ ಮೂರು ಕಡ್ಡಿ ಇನ್ನೊಂದರ ಎರಡಕ್ಕೆ ಸಮ ಇರಬಹುದು. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ 'ಅಬೌಟ್ ಫೋನ್' ಒತ್ತಿದರೆ 'ಸಿಮ್ ಸ್ಟೇಟಸ್' ಅಂತ ಇರುತ್ತದೆ. ಅದರೊಳಗೆ ಸಿಗ್ನಲ್ ಸ್ಟ್ರೆಂತ್ ಎದುರು ಮೈನಸ್ 95, ಮೈನಸ್ 110 ಹೀಗೊಂದು ಅಂಕಿ ಕಾಣುತ್ತದೆ. ಅದು ಸಾಲದ ಲೆಕ್ಕ ಅಂದುಕೊಳ್ಳಿ: ಮೈನಸ್ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೈನಸ್ 90ರ ಒಳಗಿದ್ದರೆ ಸುಖ. 105ರವರೆಗೆ ಸಂಸಾರ ಸಾಗುತ್ತದೆ. 115 ದಾಟಿದರೆ ತೆಂಗಿನ ಮರ.

ನಾನು ಹಳೆಯ ಲೆಡ್ಜರ್ ರೀತಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಎಡಕ್ಕೆ ಜಗಲಿ, ನಡುಮನೆ, ಅಡುಗೆಮನೆ, ಅತ್ತೆಯ ಮಂಚ, ಬಟ್ಟೆ ಒಗೆಯುವ ಕಲ್ಲು, ದೇವರಮನೆ. ಮೇಲೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ. ಬೇರೆ ಕಂಪನಿಗಳ ಸಿಮ್ಮಿಗೆ ಏನು ಮಾಡಲಿ? ಮನೆಗೆ ಬಂದವರೇ ಗತಿ. ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಕಾಫಿ ಕೊಟ್ಟು, "ನಿಮ್ಮದ್ಯಾವ ಸಿಮ್ಮು? ಒಂದು ನಿಮಿಷ ಅಡುಗೆಮನೆಗೆ ಬನ್ನಿ" ಅಂತ ಕರೆದುಕೊಂಡು ಹೋಗಿ ಅವರ ಫೋನಿನ ಅಂಕಿ ಬರೆದುಕೊಂಡೆ. ನಮ್ಮ ಯಜಮಾನರು ನಾಚಿಕೆಯಿಂದ ಪೇಪರ್ ಹಿಂದೆ ಮುಖ ಮುಚ್ಚಿಕೊಂಡರು. ವಾರದೊಳಗೆ ಪುಟ ತುಂಬಿತು. ನನ್ನ ಸಿಮ್ಮು ಅಡುಗೆಮನೆಯಲ್ಲಿ ಮೈನಸ್ 117. ಪಕ್ಕದ ಮನೆಯವರದ್ದು ಅದೇ ಒಲೆಯ ಮುಂದೆ ಮೈನಸ್ 98. ಉತ್ತರ ಅಷ್ಟು ಹತ್ತಿರ ಇತ್ತು.

ನಿಮಗೆ ಇಷ್ಟು ಪಾಡು ಬೇಡವಾದರೆ ಇನ್ನೊಂದು ದಾರಿ ಇದೆ. ಈಗಿನ ಹೆಚ್ಚಿನ ಫೋನಿನಲ್ಲಿ ಎರಡು ಸಿಮ್ ಹಾಕಬಹುದು. ಹಳೆಯ ನಂಬರು ಹಾಗೇ ಇರಲಿ. ಹೊಸ ಕಂಪನಿಯ ಸಿಮ್ ಒಂದನ್ನು ಒಂದು ಚಿಕ್ಕ ರೀಚಾರ್ಜಿನ ಅವಧಿಗೆ ಎರಡನೇ ಜಾಗದಲ್ಲಿ ಹಾಕಿ. ಮನೆ, ಕೆಲಸದ ಜಾಗ, ಮೆಟ್ರೊ, ತರಕಾರಿ ಮಾರುಕಟ್ಟೆ, ಮಗಳ ಮನೆ ಎಲ್ಲ ಕಡೆ ನೋಡಿ, ಆಮೇಲೆ ನಂಬರನ್ನು ಸಾಗಿಸಿ.

ಸಾಗಿಸುವುದು ಸುಲಭ. ದೇಶಕ್ಕೆಲ್ಲ ಈ ಅನುಕೂಲ ಬಂದದ್ದು 2011ರ ಜನವರಿ 20ಕ್ಕೆ. ಇಂಗ್ಲಿಷಿನಲ್ಲಿ ಪೋರ್ಟ್ ಅಂತ ಬರೆದು, ಒಂದು ಜಾಗ ಬಿಟ್ಟು ನಿಮ್ಮ ಹತ್ತಂಕಿಯ ನಂಬರು ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿದರೆ ಎಂಟು ಅಕ್ಷರದ ಒಂದು ಸಂಕೇತ ಬರುತ್ತದೆ. ಅದು ನಾಲ್ಕು ದಿನ ಬಾಳುತ್ತದೆ. ಆಧಾರ್ ಹಿಡಿದುಕೊಂಡು ಹೊಸ ಕಂಪನಿಯ ಅಂಗಡಿಗೆ ಹೋದರೆ ಕರ್ನಾಟಕದೊಳಗೆ ಮೂರು ಕೆಲಸದ ದಿನದಲ್ಲಿ ಮುಗಿಯುತ್ತದೆ. ಎರಡು ಎಚ್ಚರ. ಹಳೆಯ ಸಿಮ್ಮಿನಲ್ಲಿ ಉಳಿದ ದುಡ್ಡು, ದಿನ ಯಾವುದೂ ಜೊತೆಗೆ ಬರುವುದಿಲ್ಲ, ಹಾಗಾಗಿ ರೀಚಾರ್ಜ್ ಮುಗಿಯುವ ಹೊತ್ತಿಗೆ ಹೊರಡಿ. ಎರಡನೆಯದು ನನಗೆ ತೆಂಗಿನ ಮರ ಕಲಿಸಿದ ಪಾಠ: ಒಮ್ಮೆ ಒಂದು ಕಂಪನಿಗೆ ಹೋದರೆ 90 ದಿನ ಅಲ್ಲಿಂದ ಕದಲುವ ಹಾಗಿಲ್ಲ. ನನ್ನ ಮೂರು ತಿಂಗಳ ವನವಾಸ ಹುಟ್ಟಿದ್ದು ಈ ನಿಯಮದಿಂದ.

ಈಗ ದುಡ್ಡಿನ ಲೆಕ್ಕ. ಸಿಗ್ನಲ್ ಎರಡು ಕಂಪನಿಗೆ ಸರಿಸಮ ಬಂದರೆ ಆಗ ದರ ನೋಡಿ. ನಮ್ಮ ಮನೆಗೆಲಸಕ್ಕೆ ಬರುವಾಕೆ ಇರುವುದು ರಾಗಿಗುಡ್ಡದ ಕಡೆ, ಕೆಲಸ ಮಾಡುವುದು ಬನಶಂಕರಿಯ ನಾಲ್ಕು ಮನೆಗಳಲ್ಲಿ. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಇಂಟರ್‌ನೆಟ್ಟೇ ಇಲ್ಲದ ಫೋನಿಗೆ ಅವಳು ಪ್ರತಿ 28 ದಿನಕ್ಕೆ ಇಂಟರ್‌ನೆಟ್ ಸೇರಿದ ರೀಚಾರ್ಜ್ ಹಾಕಿಸುತ್ತಿದ್ದಳು. ಬಿಸಿಲಲ್ಲಿ ಹೋಗುವವಳು ಕೊಡೆಯ ಜೊತೆ ಕಂಬಳಿಗೂ ದುಡ್ಡು ಕೊಟ್ಟ ಹಾಗೆ. ಬರಿಯ ಮಾತು ಮತ್ತು ಎಸ್‌ಎಂಎಸ್ ಸಾಕು ಅನ್ನುವವರಿಗೆ ಬೇರೆ ಪ್ಲಾನ್ ಇಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿತು. ಮರುತಿಂಗಳು ಬಂದ ಇಂಥ ಪ್ಲಾನಿಗೆ 84 ದಿನಕ್ಕೆ ಏರ್‌ಟೆಲ್ 469 ರೂಪಾಯಿ, ಜಿಯೊ 448 ರೂಪಾಯಿ ಇಟ್ಟವು. ದಿನಕ್ಕೆ ಐದೂವರೆ ರೂಪಾಯಿ ಆಸುಪಾಸು. 199ನ್ನು 28 ದಿನಕ್ಕೆ ಹಂಚಿದರೆ ದಿನಕ್ಕೆ ಏಳು ರೂಪಾಯಿ ದಾಟುತ್ತದೆ. ಮೇಲಾಗಿ 28 ದಿನದ ತಿಂಗಳಾದರೆ ವರ್ಷಕ್ಕೆ ಹದಿಮೂರು ತಿಂಗಳು! ಪಂಚಾಂಗದ ಅಧಿಕಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬಂದರೆ ಮೊಬೈಲಿನ ಅಧಿಕಮಾಸ ವರ್ಷ ವರ್ಷವೂ ಬರುತ್ತದೆ. ದರ ಆಗಾಗ ಬದಲಾಗುತ್ತದೆ. ಆ ದಿನದ ಬೆಲೆ ಕೇಳಿ, ದಿನಗಳಿಂದ ಭಾಗಿಸಿ ನೋಡುವುದನ್ನು ಮಾತ್ರ ಮರೆಯಬೇಡಿ.

ಗುಂಡಿ ಫೋನಿನವರಿಗೆ ಇನ್ನೊಂದು ಮಾತು. ಜಿಯೊದಲ್ಲಿ 2ಜಿ ಇಲ್ಲ, ಅದಕ್ಕೆ 4ಜಿ ಹಿಡಿಯುವ ಫೋನೇ ಬೇಕು. ಹಳೆಯ 2ಜಿ ಫೋನು ಇರುವವರು ಸಿಮ್ ಕೊಳ್ಳುವ ಮೊದಲೇ ಇದನ್ನು ಕೇಳಿಕೊಳ್ಳಬೇಕು. ಬಿಎಸ್‌ಎನ್‌ಎಲ್‌ನ ಸಿಮ್ ಮರೆತವರು ಮತ್ತೊಮ್ಮೆ ಹಾಕಿ ನೋಡಬಹುದು. ನಮ್ಮ ದೇಶದಲ್ಲೇ ಕಟ್ಟಿದ ಅದರ 4ಜಿ 2025ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಉದ್ಘಾಟನೆಯಾಯಿತು. ಆ ಟವರುಗಳ ರೇಡಿಯೊ ಪೆಟ್ಟಿಗೆ ಮಾಡಿದ ತೇಜಸ್ ನೆಟ್‌ವರ್ಕ್ಸ್ ನಮ್ಮ ಎಲೆಕ್ಟ್ರಾನಿಕ್ ಸಿಟಿಯದೇ. ಊರಿನ ಕಂಪನಿ ಅಂತ ಅಭಿಮಾನ ಪಡಿ, ಆದರೆ ಅದಕ್ಕೂ ಅಡುಗೆಮನೆಯ ಪರೀಕ್ಷೆ ತಪ್ಪಿದ್ದಲ್ಲ.

ಯಾವ ಸಿಮ್ಮೂ ಸಿಗದ ಮನೆಗಳೂ ಇವೆ. ಅಂಥವರ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಹಾಕಿ ನೋಡಿ. ಟವರಿನ ಗೊಡವೆಯಿಲ್ಲದೆ ಮನೆಯ ವೈಫೈ ಮೇಲೆ ಮಾತು ಹೋಗುತ್ತದೆ. ಕರೆಂಟ್ ಹೋದರೆ ಮಾತೂ ಹೋಗುತ್ತದೆ, ವೈಫೈ ಪೆಟ್ಟಿಗೆಗೆ ಯುಪಿಎಸ್ ಇಟ್ಟುಕೊಳ್ಳಿ. ಸಿಗ್ನಲ್ ಬೂಸ್ಟರ್ ಅಂತ ಮಾರುವ ಡಬ್ಬ ಮಾತ್ರ ತರಬೇಡಿ. ಅನುಮತಿಯಿಲ್ಲದೆ ಹಾಕುವುದು ಕಾನೂನುಬಾಹಿರ. ನಿಮ್ಮ ಮನೆಯಲ್ಲಿ ಗದ್ದಲವೆಬ್ಬಿಸಿ ಇಡೀ ಬೀದಿಯ ಮಾತು ಕೆಡಿಸುತ್ತದೆ ಅದು.

ಕೊನೆಗೆ ನಮ್ಮ ಮನೆಗೆ ಬರೋಣ. 90 ದಿನ ಮುಗಿದ ಮರುದಿನವೇ 1900ಕ್ಕೆ ಎಸ್‌ಎಂಎಸ್ ಮಾಡಿದೆ, ಅದೂ ಮರದ ಕೆಳಗೆ ನಿಂತೇ. ಈಗ ಇರುವ ಸಿಮ್ಮಿಗೆ ತಿಂಗಳಿಗೆ ಸ್ವಲ್ಪ ಹೆಚ್ಚು ಕೊಡುತ್ತೇನೆ. ಒಲೆಯ ಮುಂದೆ ಫೋನು ರಿಂಗಾಗುತ್ತದೆ, ಸಾಂಬಾರು ಸೀಯುವುದಿಲ್ಲ. ಅತ್ತೆಯದು ಬೇರೆ ಕಂಪನಿ, ಅವರ ಮಂಚಕ್ಕೆ ಅದೇ ಚೆನ್ನ. ಯಜಮಾನರದು ಮೂರನೆಯದು. ಒಂದೇ ಮನೆಯಲ್ಲಿ ಮೂರು ಕಂಪನಿ.

ನೋಟ್‌ಬುಕ್ಕಿನ ಕೊನೆಯ ಸಾಲು ಮಾತ್ರ ಯಾರ ಸಿಮ್ಮಿಗೂ ತುಂಬಲಿಲ್ಲ. ದೇವರಮನೆಯಲ್ಲಿ ಯಾವ ಕಂಪನಿಯೂ ಇಲ್ಲ, ಮೂರೂ ಹೊತ್ತು 'ನೋ ಸರ್ವಿಸ್'. "ಇದಕ್ಕೇನು ಮಾಡೋದು ಅತ್ತೆ?" ಅಂತ ಪುಸ್ತಕ ತೋರಿಸಿದೆ. ಅವರು ದೀಪದ ಬತ್ತಿ ಹೊಸೆಯುತ್ತಾ ಹೇಳಿದರು: "ಅಲ್ಲಿ ಸಿಗೋ ಕಂಪ್ನಿ ಯಾವತ್ತಾದ್ರೂ ಬಂದ್ರೆ, ಅದನ್ನ ಮಾತ್ರ ತರಬೇಡ."